ಹಸುವೊಂದಕ್ಕೆ ಎರಡು ಕಾಸು
ಹಾರ್ಲೆಮ್, ೧೬೪೭. ಹಿಲ್ಲೆಖೊಂಡ ಹೇಳಿದ್ದು

ಆಕಾಶ ಕ್ರೈನನದು.
ಹಲಗೆಯ ಮೂರು ಪಾಲಿನಲ್ಲಿ ಎರಡು ಪಾಲು
ತನಗೇ ಇಟ್ಟುಕೊಳ್ಳುತ್ತಾನೆ, ಯಾರಿಗೂ ಮುಟ್ಟಗೊಡುವುದಿಲ್ಲ.
ಕೆಳಗೆ ಉಳಿದ ಪಟ್ಟಿ ನೆಲ:
ಮರಳುದಿಣ್ಣೆ, ಹೊಂಡ, ಒಂದು ಓಕ್ ಮರ,
ದೂರದಲ್ಲಿ ಇಗರ್ಜಿಯ ಮೊನೆ.
ಒಣಗಿದ ಮೇಲೆ ಹಿತ್ತಿಲ ಬಾಗಿಲಿಂದ ನನ್ನಲ್ಲಿಗೆ ಬರುತ್ತದೆ,
ಜೊತೆಗೊಂದು ಚೀಟಿ: ಹಸು ಮೂರು, ಮನುಷ್ಯರು ಇಬ್ಬರು.

ಹಸುವೊಂದಕ್ಕೆ ಎರಡು ಕಾಸು. ಮನುಷ್ಯರಿಗೆ ಒಂದೂವರೆ.
ಬೆನ್ನು ತಿರುಗಿಸಿ ನಿಲ್ಲುವವರಿಗೆ ಮುಖದ ಖರ್ಚಿಲ್ಲವಲ್ಲ.

ಕ್ರೈನ ಹೊರಗೆ ಹೋಗಿ ಯಾವ ಕಾಲವಾಯಿತೋ.
ಮೂರು ಚಳಿಗಾಲದಿಂದ ಅವನ ಎದೆಯೊಳಗೆ
ಬೆಕ್ಕೊಂದು ಕೂತು ಗುರುಗುಟ್ಟುತ್ತಿದೆ.
ಒಲೆಯ ಬದಿಗೆ ಕುರ್ಚಿ ಎಳೆದುಕೊಂಡು
ಹೆಂಡತಿ ಒಗೆದು ಹರವಿದ ಹಾಸುಬಟ್ಟೆಯ ಸುಕ್ಕು ನೋಡಿ
ಮೋಡ ಬರೆಯುತ್ತಾನೆ.
ನೋಡಿದವರು ಕೊರಳಪಟ್ಟಿ ಮೇಲೆತ್ತಿಕೊಳ್ಳುತ್ತಾರೆ,
ಮಳೆ ಬಂದೇಬಿಟ್ಟಿತೆಂದು.

ಆ ಓಕ್ ಮರವೂ ಅಷ್ಟೆ.
ಈ ಊರ ಸುತ್ತ ಅಂಥದ್ದು ಎಲ್ಲಿದೆ?
ಇದ್ದವೆಲ್ಲ ಹಡಗಾಗಿ ಜಾಯಿಕಾಯಿ ತರಲು ಹೋದವು.
ನಾವು ಬರೆಯುವ ಹಲಗೆಯೂ ಓಕೇ,
ಬಾಲ್ಟಿಕ್ ಕಡಲ ಆಚೆ ಕಡಿದದ್ದು.
ಕಡಿದ ಮರದ ಎದೆಯ ಮೇಲೆ
ಕಡಿಯದ ಮರ ಬರೆಯುತ್ತೇವೆ.
ಪುಣ್ಯವೋ ಪಾಪವೋ, ಪಾದ್ರಿಯನ್ನು ಕೇಳಿಲ್ಲ.

ಈ ಸಲ ಕೊಳ್ಳುವವಳು ಆಮ್‌ಸ್ಟರ್‌ಡ್ಯಾಮಿನ ನಾರುಬಟ್ಟೆ ವ್ಯಾಪಾರಿಯ ಮಡದಿ.
"ಶಾಂತವಾಗಿರಲಿ" ಎಂದಳಂತೆ.
ಹಾಗಾಗಿ ಹೊಂಡದ ಪಕ್ಕ
ಉರುವಲಿಗೆ ಜೌಗುಮಣ್ಣು ಅಗೆಯುವವರಿಲ್ಲ,
ತೊಡೆಮಟ್ಟ ಕೆಸರಿನಲ್ಲಿ ನಿಂತ ನನ್ನ ಚಿಕ್ಕಪ್ಪನಿಲ್ಲ.
ನೆಲವನ್ನೇ ಅಗೆದಗೆದು ಒಲೆಗೆ ಹಾಕಿದೆವು.
ಅಗೆದ ಕಡೆಯೆಲ್ಲ ನೀರು ಬಂದು ಕೂತಿತು,
ಕೂತದ್ದು ಏಳಲಿಲ್ಲ.

ನಮ್ಮ ಕೊಟ್ಟಿಗೆ ಸರೋವರದ ದಂಡೆಯಲ್ಲಿತ್ತು.
ನೀರುತೋಳ ಅನ್ನುತ್ತಾರೆ ಅದನ್ನು.
ವರ್ಷಕ್ಕೊಂದು ಹುಲ್ಲುಗಾವಲು ಅದರ ಹಲ್ಲಿಗೆ.
ನನಗೆ ಒಂಬತ್ತು. ನೈಋತ್ಯದ ಗಾಳಿ ಎದ್ದ ರಾತ್ರಿ
ಏರಿ ಒಡೆಯಿತು.
ನಾವು ಅಟ್ಟ ಹತ್ತಿದೆವು, ಕೋಳಿಗಳೂ ಹತ್ತಿದವು.
ಕೆಳಗೆ ಕತ್ತಲಲ್ಲಿ ಬ್ಲೆಸ್.
ಇಳಿಯಹೊರಟ ನನ್ನ ಜಡೆಯನ್ನು ಅಪ್ಪ ಹಿಡಿದೆಳೆದ.
ಗಂಟು ಹಾಕಿದ್ದವಳು ನಾನು,
ಅವತ್ತೇ ಸಂಜೆ,
ಎರಡು ಸುತ್ತು ಹೆಚ್ಚಾಗಿ.

ಅದಕ್ಕೇ ಚೀಟಿಯಲ್ಲಿ ಎಷ್ಟೇ ಹಸು ಇರಲಿ,
ಒಂದು ಮಾತ್ರ ಯಾವಾಗಲೂ ಕಂದು, ಹಣೆಯಲ್ಲಿ ಬಿಳಿ ಪಟ್ಟೆ,
ಎಡಗೊಂಬು ತುಸು ಒಳಕ್ಕೆ.
ದಿಣ್ಣೆಯ ಮೇಲೇ ನಿಲ್ಲಿಸುತ್ತೇನೆ, ನೀರಿಗೆ ಬೆನ್ನು ಮಾಡಿ.
ಕೊರಳಲ್ಲಿ ಹಗ್ಗವಿಲ್ಲ.
ನಲವತ್ತೊಂದು ಹಲಗೆಗಳಲ್ಲಿ ಈಗ ಅವಳು ಮೇಯುತ್ತಿದ್ದಾಳೆ,
ಲೈಡನ್ನಿನ ವೈದ್ಯನ ಮಂಚದ ಮೇಲ್ಗಡೆ,
ಡೆಲ್ಫ್ಟಿನ ಯಾವುದೋ ಊಟದ ಮನೆಯಲ್ಲಿ,
ಬ್ರೆಡ್ಡಿನ ಸಾಲಕ್ಕೆ ಅಡವಿಟ್ಟು ಬಿಡಿಸಿಕೊಳ್ಳದ್ದೂ ಒಂದಿದೆ.
ಕ್ರೈನನಿಗೆ ತಿಳಿಯದು. ಅವನಿಗೆ ಹಸುವೆಂದರೆ
ಕಣ್ಣು ಆಕಾಶಕ್ಕೆ ಹತ್ತಲು ಇಟ್ಟ
ಒಂದು ಕಂದು ಮೆಟ್ಟಿಲು.

ನಿನ್ನೆ ಅಂಗಡಿಯ ಕಿಟಕಿಯಲ್ಲಿ
ಮಾರಾಟವಾಗದೆ ಉಳಿದ ಹಳೆಯದೊಂದು ಕಂಡೆ.
ಹಸಿರಿಗೆ ಬೆರೆಸಿದ ಹಳದಿ ಬಿಸಿಲಿಗೆ ಹಾರಿಹೋಗಿ
ಮರ ಪೂರಾ ನೀಲಿ.
ಗಿಡದಿಂದ ತೆಗೆದ ಅಗ್ಗದ ಹಳದಿ,
ಬಾಳುವುದಿಲ್ಲವೆಂದು ಬಣ್ಣ ಅರೆಯುವ ಹುಡುಗನಿಗೂ ಗೊತ್ತು.
ಮರ ಹೋದರೆ ಹೋಗಲಿ. ಹುಲ್ಲು?
ಹುಲ್ಲೂ ನೀಲಿಗೆ ತಿರುಗುತ್ತಿದೆ,
ಅಂಚಿನಿಂದ, ಸದ್ದಿಲ್ಲದೆ,
ದಿಣ್ಣೆಯ ಅರ್ಧಕ್ಕೆ ಬಂದಿದೆ.

ಬ್ಲೆಸ್ ಮಣ್ಣಿನ ಬಣ್ಣದವಳು, ಮಣ್ಣು ಮಾಸುವುದಿಲ್ಲ.
ಆದರೂ ಹಲಗೆ ಇಳಿಸಿ ತಂದೆ.
ತೊಳೆದಿಟ್ಟ ಕುಂಚ ಮತ್ತೆ ಅದ್ದಿದೆ,
ಅವಳ ಗೊರಸಿನ ಕೆಳಗೆ
ಒಂದು ಬೆರಳು ಎತ್ತರಕ್ಕೆ ಕಂದು ಮಣ್ಣು ಪೇರಿಸಿದೆ.
ಇದಕ್ಕೆ ಕ್ರೈನ ಕಾಸು ಕೊಡುವುದಿಲ್ಲ.