ನಾಲ್ಕನೇ ಹೊಡೆತ

ಎಳಿ, ಅದುಮು, ಸಿಡಿ, ಬಿಡು.
ನಮ್ಮ ಮೇಸ್ತ್ರಿ ಹೇಳಿಕೊಟ್ಟ ಎಂಜಿನ್ನಿನ ಕಾಗುಣಿತ ಇಷ್ಟೇ.
ಎಷ್ಟೋ ಗಾಡಿಗಳು ಮೊದಲ ಮೂರರಲ್ಲೇ ಕೆಡುತ್ತವೆ.
ಪುಟ್ಟಮಾದಮ್ಮನ ಎಕ್ಸೆಲ್ಲು ಕೆಟ್ಟಿದ್ದು ನಾಲ್ಕನೆಯದರಲ್ಲಿ,
ಬಿಡುವುದರಲ್ಲಿ.

ಗುತ್ತಲು ರಸ್ತೆಯ ತಿರುವು ದಾಟುವ ಮೊದಲೇ ಗೊತ್ತಾಯಿತು,
ಪುರಿ ಅಂಗಡಿಯ ಮುದುಕ ಕಿವಿ ಮುಚ್ಚಿಕೊಂಡ.
ನಿಲ್ಲಿಸಿ, ಸೆರಗಲ್ಲಿ ಮುಖ ಒರೆಸಿ,
"ಕೆಮ್ತದೆ ಕಣಣ್ಣ" ಅಂದಳು.
ಕೆಮ್ಮೇ? ತಮಟೆ ಅದು.

ಬಗ್ಗಿ ನೋಡಿದೆ. ಪೈಪು ಹಂಡೆಗೆ ಸೇರುವ ಕತ್ತಿನಲ್ಲಿ
ಉಗುರು ತೂರುವಷ್ಟು ಬಿರುಕು.
ಯಾರೋ ಪುಣ್ಯಾತ್ಮ ಎಂಸೀಲು ಮೆತ್ತಿ
ಪೌಡರ್ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿದಿದ್ದ.
ತಗಡಿನ ಮೇಲೆ ಅರ್ಧ ಮಗು ಇನ್ನೂ ನಗುತ್ತಿತ್ತು.

ಕಾರಣ ಹುಡುಕಬೇಕಿರಲಿಲ್ಲ.
ಥರ್ಮಾಕೋಲ್ ಪೆಟ್ಟಿಗೆಯಿಂದ ಉಪ್ಪು ಬೆರೆತ ಐಸಿನ ನೀರು
ತೊಟ್ಟು ತೊಟ್ಟಾಗಿ, ಕಾದ ಕಬ್ಬಿಣದ ಮೇಲೆ,
ಕೆರೆಯಿಂದ ಹೊಳಲು, ಹೊಳಲಿಂದ ಕೀಲಾರ,
ಮೂರು ವರ್ಷ.
ಕಬ್ಬಿಣವಾದರೂ ಎಷ್ಟು ಸಲ ಚುರ್ ಅಂದೀತು?

ಒಂದು ನಟ್ಟು ಸೀಮೆಎಣ್ಣೆ ಕುಡಿದು ಒಲಿಯಿತು.
ಇನ್ನೊಂದು ಟಕ್ ಅಂತ ಕತ್ತರಿಸಿಕೊಂಡಿತು.
ಕೈಗೆ ಮಸಿ ಹತ್ತಿದವರಿಗೆ ಗೊತ್ತು ಆ ಸದ್ದು,
ಅರ್ಧ ಗಂಟೆಯ ಕೆಲಸ ಸಂಜೆಯಾಗುವ ಸದ್ದು.

ಅವಳು ಟೈರಿನ ಮೇಲೆ ಕೂತಳು.
ಉಳಿದ ಮೂರು ಜಿಲೇಬಿ ಮೀನಿಗೆ ಒದ್ದೆ ಗೋಣಿ ಹೊದಿಸಿದಳು.
ನಾನು ಮುರಿದ ಸ್ಟಡ್ಡಿನ ನಡುನೆತ್ತಿಗೆ ಪಂಚು ಇಟ್ಟು
ಉಸಿರು ಹಿಡಿದು ಡ್ರಿಲ್ಲು ಒತ್ತಿದೆ.
ಆಮೇಲೆ ತುಕ್ಕು. ಉಜ್ಜಿದಷ್ಟೂ ಉದುರಿತು,
ಹಳೇ ಗೋಡೆಯ ಸುಣ್ಣದ ಹಾಗೆ.
ಒಳ್ಳೇ ಲೋಹ ಸಿಗುವ ತನಕ ಕೊಯ್ಯಬೇಕು,
ಅಷ್ಟರಲ್ಲಿ ಪೈಪೇ ಮುಗಿದುಹೋಗುತ್ತೋ ಅನ್ನಿಸುತ್ತದೆ.

ಛತ್ರದವರು ಬಿಸಾಡಿದ ಕುರ್ಚಿಯ ಕಾಲು ಹೊಂದಿತು,
ನಾಲ್ಕು ಬೆರಳುದ್ದ, ಒಳಗೊಳಗೇ ಕೂತಿತು.
ಎಷ್ಟು ಮದುವೆಯೂಟಕ್ಕೆ ಕೂತ ಕಾಲೋ,
ಇನ್ನು ಹೊಗೆ ನುಂಗಲಿ.

ತೆಳು ತಗಡು, ಕರೆಂಟು ಕಮ್ಮಿ ಇಟ್ಟು
ಚುಕ್ಕಿ ಇಡು, ಆರಲಿ. ಮತ್ತೊಂದು ಚುಕ್ಕಿ, ಆರಲಿ.
ಅವಸರ ಮಾಡಿದರೆ ತೂತು.
ಹಂಡೆಗಂಟಿದ್ದ ಮೀನಿನ ಹೊಪ್ಪಳೆಯೆಲ್ಲ ಸುಟ್ಟು
ಘಮ್ಮಂತ ಹುರಿಗಂಪು ಎದ್ದಿತು.
ಕನ್ನಡಕ ಎತ್ತಿದರೆ ಐದು ಬೆಕ್ಕು,
ಸಾಲಾಗಿ, ಶಾಲೆಯ ಪ್ರಾರ್ಥನೆಗೆ ನಿಂತ ಹಾಗೆ.

ಸಂಜೆ ಕಿಕ್ಕರ್ ಹೊಡೆದಳು.
ಎಂಜಿನ್ ಓಡುತ್ತಿದೆಯೋ ಇಲ್ಲವೋ,
ಸೀಟಿನ ಮೇಲೆ ಅಂಗೈ ಇಟ್ಟು ನೋಡಿದಳು.
"ಬಾಳ ಸಣ್ಣಗಾಯ್ತು" ಅಂದಳು.
ಹೊಗಳಿಕೆ ಅಂದುಕೊಂಡು ನೂರು ರೂಪಾಯಿ ಬಿಟ್ಟೆ.

ಮುಂದಿನ ಸೋಮವಾರ ಮತ್ತೆ ಬಂದಳು,
ಬಂದದ್ದೇ ತಿಳಿಯಲಿಲ್ಲ. ತಲೆಯೆತ್ತಿದರೆ ಎದುರಿಗಿದ್ದಳು.
"ಭಾನ್ವಾರದ ಮೀನೆಲ್ಲ ಉಳ್ಕಂತು ಕಣಣ್ಣ.
ನಾ ಬಂದಿದ್ದು ಯಾರ್ಗೂ ಗೊತ್ತಾಗ್ಲಿಲ್ಲ.
ಮೊದ್ಲಾದ್ರೆ ಸೇತ್ವೆ ಹತ್ರ ಇರ್ವಾಗ್ಲೇ
ಮಸಾಲೆ ಅರಿಯಕ್ಕೆ ಕೂತ್ಕಳೋರು."

ಹಾರನ್ ಹಾಕಿಸು ಅಂದೆ.
"ಹಾರನ್ನು ಸೊಪ್ನೋನ್ಗೂ ಅದೆ, ಐಸ್‌ಕ್ಯಾಂಡಿಯೋನ್ಗೂ ಅದೆ."
ಮೈಕು?
"ನನ್ ಗಂಟ್ಲು ನಂಗೇ ಆಗಲ್ಲ."

ಸುಮ್ಮನೆ ನಿಂತೆವು ಇಬ್ಬರೂ.
ಅವಳೇ ಕೂತು, ನಾನಿಟ್ಟ ಚುಕ್ಕಿಗಳ ಮೇಲೆ ಬೆರಳಾಡಿಸಿ,
"ಚೆಂದಾಗ್ ಮಾಡಿದ್ದೀಯ, ಬೇಜಾರ್ ಮಾಡ್ಕಬ್ಯಾಡ.
ಇದ್ರ ಪಕ್ದಲ್ಲಿ ಒಂದ್ ಸಣ್ಣ ತೂತು ಹೊಡ್ಕೊಡು."

ಇಪ್ಪತ್ತಾರು ವರ್ಷ ತೂತು ಮುಚ್ಚಿ ಉಂಡವನು ನಾನು.
ಎಷ್ಟು ಎಂಎಂ ಅಂತ ಕೇಳಿದೆ, ನಗದೆ.

"ನಂಗೇನ್ ಗೊತ್ತು?
ಕೀಲಾರದ ಕೊನೇ ಮನೆಗೆ ಕೇಳ್ಬೇಕು, ಅಷ್ಟೇಯ."

ಬಿಟ್ಟಿನ ಡಬ್ಬಿ ಸುರಿದುಕೊಂಡು
ಒಂದೊಂದನ್ನೇ ಬೆಳಕಿಗೆ ಹಿಡಿಯುತ್ತಿದ್ದೇನೆ.
ಆ ಮನೆ ಎಷ್ಟು ದೂರ, ನಾನು ನೋಡಿಲ್ಲ.