ಎಂಟಡಿ ಅಗಲ

ಕೋಲಾರದ ಕೋರ್ಟಿನ ಕಾಂಪೌಂಡಿಗೆ ಒರಗಿ
ಹುಣಸೆಮರದ ಕೆಳಗೆ ನನ್ನ ಟೈಪ್ ಮಿಷನ್ನು.
ಇಪ್ಪತ್ತೊಂಬತ್ತು ವರ್ಷ
ಅಂಜಿನಮ್ಮ ಹೇಳಿದ್ದನ್ನು ಹೊಡೆದಿದ್ದೇನೆ.

ಮೊದಲ ದಿನ ಅವಳ ಕರಿಕೋಟಿನ ತೋಳು ಉದ್ದ,
ಯಾರದೋ ಹಳೆಯದು, ಒಳಕ್ಕೆ ಮಡಚಿ ಹೊಲಿದದ್ದು.
"ಹೆಸರಲ್ಲೇ ಅಂಜಿಕೆ ಇಟ್ಕೊಂಡು ವಾದ ಮಾಡ್ತೀಯೇನಮ್ಮ?"
ಬಾರ್ ರೂಮಿನಲ್ಲಿ ಯಾರೋ ನಕ್ಕರು.
ಅವಳು ಕುರ್ಚಿ ಹುಡುಕುತ್ತಿದ್ದಳು. ಖಾಲಿ ಇದ್ದವು,
ಒಂದೊಂದರ ಮೇಲೂ ಒಂದೊಂದು ಟವೆಲ್ಲು.
ನನ್ನ ಬೆಂಚಿನಲ್ಲಿ ಅರ್ಧ ಬಿಟ್ಟುಕೊಟ್ಟೆ.
ಅದೇ ಆಫೀಸಾಯಿತು.

ಕಾರ್ಬನ್ನಿಟ್ಟು ಐದು ಪ್ರತಿ ಹೊಡೆಯುತ್ತಿದ್ದೆ.
ಐದನೆಯದು ಮಸುಕು, ಕಣ್ಣಿಗೆ ಹಿಡಿದರೂ ಕಾಣದು,
ಎಲ್ಲ ವಕೀಲರೂ ಅದನ್ನು ಕಕ್ಷಿದಾರರಿಗೆ ಕೊಡುವರು.
ಇವಳು ತಾನೇ ಇಟ್ಟುಕೊಂಡಳು.

ಫೀಸು ಎಂದರೆ ಹುರುಳಿ, ಅವರೆಕಾಯಿ,
ಒಮ್ಮೆ ಒಂದು ಕುಂಬಳಕಾಯಿ.
ಅದನ್ನು ಮಾಲೂರು ಬಸ್ಸಿನಲ್ಲಿ ಮರೆತು ಬಂದು
ಎರಡು ದಿನ ಪೇಚಾಡಿದಳು.

ಗೆದ್ದದ್ದು ಕಡಿಮೆ. ಹೋಟೆಲಿನ ಬೇರೆ ಲೋಟ
ಸಾಕ್ಷಿಯೆಂದು ಹಾಜರುಪಡಿಸಿದ್ದಳು:
ಕಪಾಟಿನಲ್ಲಿ ಇವತ್ತಿಗೂ ಇದೆ, ಅರಗಿನ ಮುದ್ರೆ ಸಮೇತ.
ಸಾಕ್ಷಿ ಹೇಳಬೇಕಾದವರು ರಾಜಿಯಾದರು.
ಆ ಸಂಜೆ ಅವಳು ಟೀ ಕುಡಿಯಲಿಲ್ಲ.

ನಕ್ಕಲಗುಟ್ಟದ ಮುನಿಪಿಳ್ಳಪ್ಪ ಬಂದದ್ದು ಆಮೇಲೆ.
ಸುಡುಗಾಡಿನ ದಾರಿಗೆ ಟೊಮೇಟೊ ಕಡ್ಡಿ ನೆಟ್ಟಿದ್ದರು.
ತಾಯಿಯನ್ನು ಕೆರೆಗಿಳಿಸಿ
ಎದೆಮಟ್ಟದ ನೀರಲ್ಲಿ ದಾಟಿಸಿದರಂತೆ.
ಹೇಳುವಾಗ ಎರಡೂ ಕೈ ತಲೆಯ ಮೇಲೆತ್ತಿದ.
ಇಳಿಸುವುದನ್ನು ಮರೆತ.

ಕೆಳಗಿನ ಕೋರ್ಟು, ನಕಾಶೆಯಲ್ಲಿ ದಾರಿಯೇ ಇಲ್ಲವಲ್ಲ, ಎಂದಿತು.
ರಿಟ್ ಅರ್ಜಿ ಹಿಡಿದು ಅವಳು ಬಂಗಾರಪೇಟೆಯಲ್ಲಿ
ಬೆಳಗಿನ ರೈಲು ಹತ್ತಿದಳು.
ನಮ್ಮ ಕೆರೆ ಇಂಗ್ಲಿಷಿಗೆ ಹೋಗಿ ಟ್ಯಾಂಕಾಯಿತು.
ಬೇರೆ ರಾಜ್ಯದಿಂದ ಬಂದ ನ್ಯಾಯಮೂರ್ತಿ ಕೇಳಿದರಂತೆ:
"ಎಷ್ಟು ಲೀಟರಿನದು?"
ಅವಳು ಹೇಳಿದಳಂತೆ:
"ಒಂದು ಹೆಣ ನೆನೆಯುವಷ್ಟು, ಮಹಾಸ್ವಾಮಿ."

ಹನ್ನೊಂದು ವರ್ಷಕ್ಕೆ ಆದೇಶ.
ಎಂಟಡಿ ಅಗಲದ ದಾರಿ ಬಿಡತಕ್ಕದ್ದು.
ತಹಶೀಲ್ದಾರರು ಬಂದರು, ಸರ್ವೇಯರು, ಪೊಲೀಸ್ ಜೀಪು,
ಕಾಲನಿಯವರು ಸೇವಂತಿಗೆ ಹಾರ ತಂದರು.
ಅವಳು ಕತ್ತು ಬಗ್ಗಿಸಲಿಲ್ಲ,
ಬ್ಯಾಗಿನಿಂದ ದರ್ಜಿಯ ಟೇಪು ತೆಗೆದು
ಮಣ್ಣಿನಲ್ಲಿ ಕೂತಳು.
ಆರಡಿ ಮೂರಂಗುಲ.

"ಬುಡಕ್ಕಾ, ಎಣಕ್ಕೆ ಆರಡಿ ಸಾಕು"
ಎಂದ ಮುನಿಪಿಳ್ಳಪ್ಪ. ಅವನ ತಲೆಯೂ ಬೆಳ್ಳಗಾಗಿತ್ತು.
"ಎಣಕ್ಕೆ ಸಾಕು.
ಒತ್ಕೊಂಡೋಗೋರು ಅಕ್ಕಪಕ್ಕ ನಡೀಬೇಡ್ವಾ?"

ಹಾರ ಜೀಪಿನ ಬಾನೆಟ್ಟಿನ ಮೇಲೆ ಒಣಗಿತು.

ನಿನ್ನೆ ಮತ್ತೆ ಬಂದು ಬೆಂಚಿನ ತನ್ನ ಅರ್ಧದಲ್ಲಿ ಕೂತಳು.
ಆದೇಶ ಪಾಲಿಸದ್ದಕ್ಕೆ ನ್ಯಾಯಾಂಗ ನಿಂದನೆಯ ಅರ್ಜಿ.
ಎದುರುಗಾರರ ಹೆಸರು, ಹುದ್ದೆ, ವಿಳಾಸ,
ಎಲ್ಲ ಮುಗಿದು ಕೋರಿಕೆಯ ಕಲಮಿಗೆ ಬಂದೆವು.
"ಏನು ಹೊಡೀಲಮ್ಮ?"
"ಒಂದಡಿ ಒಂಬತ್ತಂಗುಲ" ಎಂದಳು,
"ಅಕ್ಷರದಲ್ಲೂ ಹೊಡಿ, ಅಂಕಿಯಲ್ಲೂ."