ಫಾಹೂದಿನ ಚಹಾ, ಸೋಹಾರಿನ ನೀರು

ಪಿಕಪ್ಪಿನ ಹಿಂದೆ ನನ್ನವು ಎರಡು ಡಬ್ಬಿ.
ನೀಲಿಯದರಲ್ಲಿ ಮಂಜುಗಡ್ಡೆ ತೇಲುವ ನೀರು,
ಸ್ಟೀಲಿನದರಲ್ಲಿ ಸಕ್ಕರೆ ಸುರಿದ ಕರಿ ಚಹಾ.
ಫಾಹೂದಿನಲ್ಲಿ ಪೈಪು ಹೂಳುವ ಮೂವತ್ತೆರಡು ಮಂದಿಗೆ
ನಾನು ಹುಸೇನಪ್ಪನಲ್ಲ, ಬರೀ ಪಾನಿ.
ಪಾನಿ, ಇಧರ್. ಪಾನಿ, ಜಲ್ದಿ.
ಇಳಿಜಾರು ಕಂಡ ಕಡೆ ಹೋಗುವುದು ನೀರಿನ ಗುಣ,
ಹೋಗುತ್ತಿದ್ದೆ.

ಬನ್ನೂವಿನ ಗುಲ್ ನವಾಜ್ ಮಾತ್ರ
ನೀಲಿ ಡಬ್ಬಿಯತ್ತ ಕಣ್ಣೆತ್ತಿದವನಲ್ಲ.
ನಲವತ್ತೇಳು ಡಿಗ್ರಿ, ಮೇಲೆ ವೆಲ್ಡಿಂಗಿನ ಕಿಡಿ,
ಅವನು ಗೋಣಿತಾಟಿನ ನೆರಳಲ್ಲಿ ಕುಕ್ಕರಗಾಲಲ್ಲಿ ಕೂತು
ಸುರ್ರೆಂದು ಎಳೆಯುವುದು ಹಬೆಯಾಡುವ ಚಹಾ.
"ಹುಚ್ಚೇನೋ ನಿನಗ, ಒಳಗೂ ಬೆಂಕಿ ಹಾಕ್ಕೋತಿ?"
ಕನ್ನಡ ಬಾರದಿದ್ದರೂ ಬೈಗುಳ ತಿಳಿದು ನಕ್ಕು
ನನ್ನ ಕೈ ಹಿಡಿದು ತನ್ನ ಕುತ್ತಿಗೆಗೆ ಒತ್ತಿಕೊಂಡ.
ತಣ್ಣಗಿತ್ತು,
ನಮ್ಮ ಶಹಾಪುರದ ಕಡೆ
ಹಸಿ ಮರಳಲ್ಲಿ ಹೂತಿಟ್ಟ ಹರವಿಯ ಮೈಯಂತೆ.
ಹನಿ ಬೆವರು ಕಾಣಲಿಲ್ಲ,
ಅಂಗಿಯ ಬೆನ್ನಲ್ಲಿ ಉಪ್ಪಿನ ಬಿಳಿ ನಕ್ಷೆ ಮಾತ್ರ.

ರಾತ್ರಿ ಕ್ಯಾಂಪಿನ ನರ್ಸ್ ಬಿನೋಯ್
ನನ್ನ ಮಣಿಕಟ್ಟಿಗೆ ಸ್ಪಿರಿಟ್ ಒರೆಸಿ, ಊದು ಎಂದ.
ಜುಮ್ಮೆಂದಿತು.
"ಹೊಟ್ಟೆಯಲ್ಲಿ ಪಹರೆಯವರು ಇರ್ತಾರೆ ಪಾನಿ,
ಬಿಸಿ ಇಳಿಯಿತೋ, ಬೊಬ್ಬೆ ಹೊಡೀತಾರೆ,
ಚರ್ಮದ ಕಿಂಡಿಯೆಲ್ಲ ತೆರೀತದೆ.
ಒಂದು ಗ್ಲಾಸು ಚಹಾ ತಂದ ಬಿಸಿಗಿಂತ
ಅದು ಎಬ್ಬಿಸಿದ ಬೆವರು ಹೊತ್ತೊಯ್ಯುವುದು ಹೆಚ್ಚು.
ಐಸ್ ನೀರು ಇಳಿಸಿ ನೋಡು,
ಎಲ್ಲ ತಂಪು ಅಂತ ಸುದ್ದಿ ಕಳಿಸಿ
ನಲ್ಲಿ ಸ್ವಲ್ಪ ತಿರುವಿಬಿಡ್ತಾರೆ.
ಆದರೆ ಒಂದು ಷರತ್ತು..."
ಅಷ್ಟರಲ್ಲಿ ಚೇಳು ಕಡಿದ ಯಾರನ್ನೋ ಎತ್ತಿ ತಂದರು.
ಷರತ್ತು ಅಲ್ಲೇ ಉಳಿಯಿತು.
ಅರ್ಧ ಪಾಠಕ್ಕೇ ನಾನು ಪಂಡಿತನಾದೆ,
ಮೂವತ್ತೆರಡರಲ್ಲಿ ಹನ್ನೊಂದು ಮಂದಿಗೆ ಚಹಾ ಹತ್ತಿಸಿದೆ.

ಆಗಸ್ಟಿಗೆ ನಮ್ಮನ್ನು ಸೋಹಾರಿಗೆ ಕಳಿಸಿದರು.
ಡಿಗ್ರಿ ಮೂವತ್ತೆಂಟೇ. ಸಡಿಲಾದೆವು.
ಆದರೆ ಅಲ್ಲಿ ಗಾಳಿಯೇ ಒದ್ದೆ ಕಂಬಳಿ,
ಸಮುದ್ರ ತನ್ನ ಬೆವರನ್ನೂ ನಮ್ಮ ಮೈಗೇ ಒರೆಸುತ್ತಿತ್ತು.
ಅಂಗಿ ಹಿಂಡಿದರೆ ನೀರು,
ಬೂಟು ಬೋರಲು ಹಾಕಿದರೆ ನೀರು,
ಗುಲ್ ನವಾಜನ ಮೂಗಿನ ತುದಿಯಿಂದ
ಚಹಾ ಗ್ಲಾಸಿನೊಳಕ್ಕೇ ಟಪ್, ಟಪ್.
ಇಷ್ಟು ಬೆವರಿದರೆ ಎಷ್ಟು ತಂಪೋ ಎಂದುಕೊಂಡು
ಇನ್ನೊಂದು ಗ್ಲಾಸು ಬಗ್ಗಿಸಿದವನು ನಾನೇ.

ಮೂರನೆಯ ದಿನ ಅವನು
ಸಣ್ಣ ಸ್ಪ್ಯಾನರ್‌ನ ಹೆಸರು ಮರೆತ.
ಆಮೇಲೆ ತನ್ನ ಮಗಳ ಹೆಸರು.
ಕುತ್ತಿಗೆ ಮುಟ್ಟಿದೆ: ಹೆಂಚು, ಒದ್ದೆ ಹೆಂಚು.
ನೀಲಿ ಡಬ್ಬಿ ಪೂರ್ತಿ ಅವನ ತಲೆಗೆ, ಎದೆಗೆ, ಕಂಕುಳಿಗೆ ಸುರಿದೆ,
ಅರಿವು ಬಂದ ಮೇಲೆ ಒಂದೊಂದೇ ಗುಟುಕು ಕುಡಿಸಿದೆ.
ಅವಮಾನ ನುಂಗುವವನಂತೆ
ಕಣ್ಣು ಮುಚ್ಚಿ ನುಂಗಿದ.

ಷರತ್ತು ಏನೆಂದು ಈಗ ಯಾರನ್ನೂ ಕೇಳುವುದಿಲ್ಲ.
ಮೈಬಿಟ್ಟು ಹಾರಿದ ಬೆವರಷ್ಟೇ ಹಾಜರಿ ಪುಸ್ತಕದ್ದು.
ನೆಲಕ್ಕೆ ಹನಿದದ್ದು ದುಡಿದದ್ದು ನಿಜ,
ಕೂಲಿಗೆ ಬರಲಿಲ್ಲ.

ಅವನು ಬದುಕಿದ, ಹನ್ನೆರಡು ದಿನ ಮಲಗಿದ.
ನನ್ನ ಮೇಲೆ ಅವನಿಗೆ ಸಿಟ್ಟಿಲ್ಲ,
ಅದೇ ತೊಂದರೆ.

ಮೊನ್ನೆ ಮಧ್ಯಾಹ್ನ ಗಾಳಿ ತಿರುಗಿತು.
ಬೆಟ್ಟದ ಕಡೆಯಿಂದ ಘರ್ಬಿ,
ಒಲೆಯ ಬಾಯಿಂದ ಬಂದಂತೆ ಬಿಸಿ, ಖಡಕ್ ಒಣ.
ಎಲ್ಲರೂ ಮುಖ ಮುಚ್ಚಿಕೊಂಡು ಕಂಟೇನರಿನೊಳಗೆ ನುಗ್ಗಿದರು.
ಗುಲ್ ನವಾಜ್ ಒಬ್ಬನೇ ಹೊರಬಂದ,
ಬೆರಳು ನೆಕ್ಕಿ ಗಾಳಿಗೆ ಹಿಡಿದ,
ಎಣಿಸಿದ, ಒಂದು, ಎರಡು, ಮೂರು.
ಬೆರಳು ಒಣಗಿತು.

"ಹುಸೇನಪ್ಪಾ," ಎಂದ.
ಮೊದಲ ಸಲ.
"ಚಾಯ್."